ಹಳೇ ಬಾಗಲಕೋಟೆ ಪೇಟೆಯ ಜವಳಿ ಅಂಗಡಿ: ಇಲ್ಲೇ ಇರಬೇಕಾ, ನವನಗರಕ್ಕೆ ಹೋಗಬೇಕಾ?

ಪೇಟೆ ಹುಡುಗ

ಎಲ್ಲರಿಗೂ ನಮಸ್ಕಾರ. ಹಳೇ ಬಾಗಲಕೋಟೆ ಪೇಟೆಯಲ್ಲಿ ನಮ್ಮದೊಂದು ಜವಳಿ ಅಂಗಡಿ ಇದೆ. ಅಜ್ಜ ಶುರು ಮಾಡಿದ್ದು. ಈಗ ಗಲ್ಲಾ ಅಪ್ಪನ ಕೈಯಲ್ಲಿ, ಉಳಿದ ಓಡಾಟ ನನ್ನದು. ಇಳಕಲ್ ಸೀರೆ, ಗುಳೇದಗುಡ್ಡ ಖಣ, ಧೋತರ, ಟಾವೆಲ್, ಶಾಲೆ ಯೂನಿಫಾರ್ಮ್ ಬಟ್ಟೆ, ಲಗ್ನದ ಸೀಜನ್ ಬಂದರೆ ಆಯೇರಿ (ಉಡುಗೊರೆ) ಸೀರೆ. ರೆಡಿಮೇಡ್ ಕಡಿಮೆ.

ಊರಿನ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಆಣೆಕಟ್ಟಿನ ಹಿನ್ನೀರು ಘಟಪ್ರಭೆಯೊಳಗೆ ಏರಿ ನಮ್ಮ ಊರಿನವರೆಗೆ ಬರುತ್ತದೆ. ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ಅದಕ್ಕೆಂದು ಹಂತ ಹಂತವಾಗಿ ಊರು ಖಾಲಿ ಮಾಡಿಸಿದರು, ನಾಲ್ಕೈದು ಕಿಲೋಮೀಟರ್ ಆಚೆ ನವನಗರ ಕಟ್ಟಿದರು. 1997ರಲ್ಲಿ ವಿಜಯಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾಯಿತು. ಜಿಲ್ಲಾ ಕಚೇರಿಗಳೂ ನವನಗರಕ್ಕೇ ಹೋದವು. ನಮ್ಮ ಅಂಗಡಿಗೆ ನೀರು ಬರಲಿಲ್ಲ. ನಮ್ಮ ಗಿರಾಕಿಗಳ ಮನೆಗೆ ಬಂತು. ಕಿಲ್ಲಾ, ಜೈನಪೇಟೆ ಕಡೆಯ ಎಷ್ಟೋ ಮನೆಗಳವರು ನಮ್ಮಲ್ಲೇ ಬಟ್ಟೆ ತೆಗೆಯುತ್ತಿದ್ದರು. ಈಗ ಅವರ ವಿಳಾಸದಲ್ಲಿ ಸೆಕ್ಟರ್ ನಂಬರ್ ಇದೆ.

ವ್ಯಾಪಾರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಮಧ್ಯಾಹ್ನ ಊಟ ಮುಗಿದ ಮೇಲೆ ಐದು ಗಂಟೆಯವರೆಗೆ ಫ್ಯಾನ್ ಕೆಳಗೆ ಕೂತಿರುವುದೇ ಕೆಲಸ. ನವನಗರದಲ್ಲಿ ದೊಡ್ಡ ರಸ್ತೆಗೆ ಒಂದು ಮಳಿಗೆ ಖಾಲಿ ಇದೆ. ಬಾಡಿಗೆ ಇಲ್ಲಿಯದರ ನಾಲ್ಕು ಪಟ್ಟು, ಡಿಪಾಜಿಟ್ ಬೇರೆ. ಹೋಗೋಣ ಅಂತ ನಾನು. ಅಪ್ಪನದು ಒಂದೇ ಮಾತು: "ಹಳ್ಳಿ ಮಂದಿ ನಮ್ಮನ್ನ ಹುಡುಕ್ಕೊಂಡು ಅಲ್ಲಿಗೆ ಬರ್ತಾರೇನು? ಸೆಕ್ಟರ್ ನಂಬರ್ ಯಾರಿಗೆ ನೆನಪಿರ್ತೈತಿ?"

ಅಂಗಡಿ ನಡೆಸಿದವರು, ನವನಗರಕ್ಕೆ ಹೋಗಿ ನೋಡಿದವರು ಸ್ವಲ್ಪ ಹೇಳಿ. "ಆನ್‌ಲೈನ್ ಹಾಕಿ" ಅಂತ ಒಂದು ಸಾಲು ಬರೆದು ಹೋಗಬೇಡಿ, ದಯವಿಟ್ಟು.

ಪುಂಡಿಪಲ್ಯೆ

ಆನ್‌ಲೈನ್ ಹಾಕಿ.

(ತಮಾಷೆ ರೀ ಅಣ್ಣಾ, ಸಿಟ್ಟಾಗಬೇಡಿ.)

ಸೆಕ್ಟರ್ ಅಕ್ಕ

ನಾನು ನವನಗರದವಳು. ನಮ್ಮ ಮನೆಯೂ ಹಳೇ ಊರಿನಿಂದಲೇ ಎದ್ದು ಬಂದದ್ದು. ಗಿರಾಕಿಯ ಕಡೆಯಿಂದ ನಿಜ ಹೇಳುತ್ತೇನೆ, ಬೇಜಾರಾಗಬೇಡಿ.

ದಿನದ ಸಾಮಾನಿಗೆ ನಾನು ಹಳೇ ಊರಿಗೆ ಬರುವುದಿಲ್ಲ. ಮಕ್ಕಳ ಅಂಗಿ, ಚೂಡಿದಾರ, ಮನೆಯಲ್ಲಿ ಉಡುವ ಸೀರೆ ಎಲ್ಲ ಇಲ್ಲೇ ಸಿಗುತ್ತದೆ, ಇಲ್ಲವೇ ಫೋನಿನಲ್ಲಿ. ಸ್ಕೂಟಿ ತಗೊಂಡು ಬಂದರೆ ನಿಮ್ಮ ಪೇಟೆಯಲ್ಲಿ ನಿಲ್ಲಿಸಲು ಜಾಗ ಇಲ್ಲ. ಒಂದು ಅಂಗಡಿಯ ಮುಂದೆ ನಿಲ್ಲಿಸಿದರೆ ಆ ಅಂಗಡಿಯವರು ಬೈಯುತ್ತಾರೆ, ಇನ್ನೊಂದರ ಮುಂದೆ ತಳ್ಳುಗಾಡಿಯವರು. ಎರಡು ಬಾರಿ ಹಾಗಾದರೆ ಮೂರನೇ ಬಾರಿ ಯಾರು ಬರುತ್ತಾರೆ?

ಆದರೆ ಲಗ್ನದ ಜವಳಿಗೆ ಹಳೇ ಊರೇ. ಬಂಗಾರಕ್ಕೂ ಅಷ್ಟೇ. ನಮ್ಮ ಅತ್ತೆಗೆ ಗಾದಿಯ ಮೇಲೆ ಕೂತು, ಮುಂದೆ ಸೀರೆ ಗುಡ್ಡೆ ಹಾಕಿಸಿಕೊಂಡು, ಚಹಾ ಕುಡಿಯುತ್ತ ನೋಡದಿದ್ದರೆ ಸೀರೆ ತಗೊಂಡ ಹಾಗೇ ಆಗುವುದಿಲ್ಲ. ಬೀಗರ ಕಡೆಯವರನ್ನೂ ಕರೆದುಕೊಂಡು ಬರಬೇಕಲ್ಲ. ಅದನ್ನು ನವನಗರದ ಗಾಜಿನ ಅಂಗಡಿಯಲ್ಲಿ ಮಾಡಲು ಆಗುವುದಿಲ್ಲ. ಅಲ್ಲಿ ಎಲ್ಲ ಹ್ಯಾಂಗರ್‌ನಲ್ಲಿ, ನಿಂತೇ ನೋಡಬೇಕು.

ಅಂದರೆ ನೀವು ನವನಗರಕ್ಕೆ ಬಂದರೆ ನಾನು ಬರುತ್ತೇನೆ ಅಂತ ಖಾತ್ರಿ ಇಲ್ಲ. ಅಲ್ಲಿಯೇ ಇದ್ದರೆ ವರ್ಷಕ್ಕೆ ಒಮ್ಮೆಯಾದರೂ ಬರುತ್ತೇನೆ.

ಕಿರಾಣಿ ಕಾಕಾ

ತಮ್ಮಾ, ಈ ಪ್ರಶ್ನೆ ನಿನಗಿಂತ ಮೊದಲು ನನಗೆ ಬಂದಿತ್ತು. ನನ್ನ ಕಿರಾಣಿ ಅಂಗಡಿ ಹಳೇ ಊರಿನಲ್ಲಿತ್ತು. ಓಣಿ ಖಾಲಿಯಾದಾಗ ಗಿರಾಕಿಗಳ ಜೊತೆ ನಾನೂ ನವನಗರಕ್ಕೆ ಬಂದೆ. ಬಂದಿದ್ದು ತಪ್ಪಲ್ಲ, ಬೇರೆ ದಾರಿ ಇರಲಿಲ್ಲ. ಆದರೆ ಇಲ್ಲಿ ಲೆಕ್ಕವೇ ಬೇರೆ, ಅದನ್ನು ತಿಳಿದುಕೊಂಡು ಬಾ.

ಹಳೇ ಪೇಟೆಯಲ್ಲಿ ಮಂದಿ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ಗುಡಿಗೆ ಬಂದವನು ಬೆಲ್ಲ ಒಯ್ಯುತ್ತಿದ್ದ, ದವಾಖಾನೆಗೆ ಬಂದವಳು ಅಕ್ಕಿ ಒಯ್ಯುತ್ತಿದ್ದಳು. ಒಂದು ಕೆಲಸಕ್ಕೆ ಬಂದವರಿಂದ ನಾಲ್ಕು ಅಂಗಡಿಗೆ ಬೋಣಿಗೆ ಆಗುತ್ತಿತ್ತು. ನವನಗರದ ನಕ್ಷೆ ಮಾಡಿದ್ದು ಚಾರ್ಲ್ಸ್ ಕೊರಿಯಾ, ನವಿ ಮುಂಬೈ ಯೋಜನೆಯಲ್ಲೂ ಇದ್ದವರು. ದೊಡ್ಡ ಹೆಸರು, ನಾನೇನೂ ಹೆಸರಿಡುವುದಿಲ್ಲ. ರಸ್ತೆ ಅಗಲ, ಗಿಡ ಚೆಂದ. ಆದರೆ ಇಲ್ಲಿ ಮಂದಿ ಸೆಕ್ಟರ್ ಸೆಕ್ಟರ್ ಹಂಚಿ ಹೋಗಿದ್ದಾರೆ. ಹಳೇ ಓಣಿಯ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. ನನ್ನ ಗಿರಾಕಿಗಳು ನನ್ನ ಜೊತೆಗೇ ಬರುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಮನೆಯ ಮೂಲೆಯಲ್ಲೇ ಇನ್ನೊಂದು ಕಿರಾಣಿ ಅಂಗಡಿ ಸಿಕ್ಕಿತು. ಪರಿಚಯ ಇದೆ, ಸಿಕ್ಕರೆ ಮಾತಾಡುತ್ತಾರೆ, ಸಾಮಾನು ಅಲ್ಲಿ ಒಯ್ಯುತ್ತಾರೆ.

ನನಗೆ ಉಳಿವು ಸಿಕ್ಕಿದ್ದು ಎರಡರಿಂದ. ಒಂದು, ಮನೆಗೆ ಮುಟ್ಟಿಸುವುದು. ತಿಂಗಳ ಚೀಟಿ ಫೋನಿನಲ್ಲಿ ಕಳಿಸಿದರೆ ಹುಡುಗ ಸಂಜೆ ಒಯ್ದು ಕೊಡುತ್ತಾನೆ. ಎರಡು, ದೊಡ್ಡ ಅಂಗಡಿಯವರು ಇಡದ ಮಾಲು. ಬಿಜಾಪುರ ಬಿಳಿಜೋಳ, ಸಜ್ಜೆ, ಗುರೆಳ್ಳು, ಕೆಂಪು ಹಿಂಡಿ. ಬೇಳೆ, ಎಣ್ಣೆ, ಸಾಬೂನಿನಲ್ಲಿ ದೊಡ್ಡವರ ಜೊತೆ ದರದಲ್ಲಿ ಗುದ್ದಾಡಲು ಆಗುವುದಿಲ್ಲ. ಅವರು ಕಂಪನಿಯಿಂದ ನೇರ ತರುತ್ತಾರೆ. ಅವರು ಗಿರಾಕಿಗೆ ಮಾರುವ ದರ ಕೆಲವೊಮ್ಮೆ ನನಗೆ ಹೋಲ್‌ಸೇಲ್‌ನಲ್ಲಿ ಬೀಳುವ ದರಕ್ಕಿಂತ ಕಡಿಮೆ ಇರುತ್ತದೆ. ಅಂಥ ಮಾಲನ್ನು ನಾನು ಸುಮ್ನೆ ಗಿರಾಕಿ ತಪ್ಪಬಾರದು ಅಂತ ಇಟ್ಟಿದ್ದೇನೆ, ಲಾಭಕ್ಕಲ್ಲ.

ನಿನ್ನ ಜವಳಿಗೆ ನವನಗರದಲ್ಲಿ ಏನು ಸಿಗುತ್ತದೆ ಅಂತ ಕೇಳುವ ಮೊದಲು, ಈಗ ನಿನ್ನ ಅಂಗಡಿ ಹತ್ತುವ ಹತ್ತು ಮಂದಿಯಲ್ಲಿ ಎಷ್ಟು ಜನ ಹಳ್ಳಿಯವರು ಅಂತ ನೋಡು.

ಕೋರ್ಟ್ ಕಟ್ಟೆ

ಬಾಡಿಗೆ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಅಂಗಡಿಯವರು ಹೆಚ್ಚಾಗಿ ಎಡವುವುದು ಇಲ್ಲೇ.

ಎಷ್ಟೋ ಜನಕ್ಕೆ "ಇಷ್ಟು ವರ್ಷ ಇದ್ದೇವೆ, ನಮ್ಮನ್ನು ಎಬ್ಬಿಸಲು ಆಗುವುದಿಲ್ಲ" ಅಂತ ನಂಬಿಕೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ನೋಡಿ. ವ್ಯಾಪಾರದ ಜಾಗ 14 ಚದರ ಮೀಟರ್‌ಗಿಂತ ದೊಡ್ಡದಿದ್ದರೆ ಆ ಕಾಯ್ದೆಯ ರಕ್ಷಣೆ ಇಲ್ಲ. 14 ಚದರ ಮೀಟರ್ ಅಂದರೆ ಹತ್ತು ಅಡಿಗೆ ಹದಿನೈದು ಅಡಿಯ ಒಂದು ಕೋಣೆ. ಜವಳಿ ಅಂಗಡಿಯಲ್ಲಿ ಗಾದಿ ಹಾಸಿದರೆ ಅಷ್ಟು ಜಾಗ ಮುಗಿದೇ ಹೋಯಿತು. ಅದಕ್ಕಿಂತ ದೊಡ್ಡ ಅಂಗಡಿಗೆ ಆಸ್ತಿ ವರ್ಗಾವಣೆ ಕಾಯ್ದೆಯೇ ಲಾಗೂ. ಕರಾರಿಲ್ಲದ ತಿಂಗಳ ಬಾಡಿಗೆಯಾದರೆ 15 ದಿನದ ನೋಟಿಸ್ ಸಾಕು.

ಹೊಸ ಮಳಿಗೆ ಹಿಡಿದರೆ ಮಾಲೀಕರು 11 ತಿಂಗಳ ಕರಾರು ಪತ್ರ ಮುಂದೆ ಇಡುತ್ತಾರೆ. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೆ. ನೀವು ಕಪಾಟು, ಲೈಟು, ಬೋರ್ಡಿಗೆ ಲಕ್ಷಗಟ್ಟಲೆ ಹಾಕಿ, 11 ತಿಂಗಳ ಮೇಲೆ "ಬಾಡಿಗೆ ಇಷ್ಟು ಜಾಸ್ತಿ, ಇಲ್ಲಾಂದರೆ ಖಾಲಿ ಮಾಡಿ" ಅಂದರೆ ಏನು ಮಾಡುತ್ತೀರಿ? ಖರ್ಚಾದರೂ ಐದು ವರ್ಷದ ಕರಾರು ನೋಂದಣಿ ಮಾಡಿಸಿ. ವರ್ಷಕ್ಕೆ ಎಷ್ಟು ಏರಿಕೆ ಅಂತ ಅದರಲ್ಲೇ ಬರೆಸಿ. ಮಾಲೀಕರು ಒಪ್ಪದಿದ್ದರೆ ಆ ಮಳಿಗೆಯಲ್ಲಿ ಹಣ ಸುರಿಯಬೇಡಿ.

ಇನ್ನೊಂದು, ನಿಮ್ಮ ಹಳೇ ಊರಿಗೇ ಸಂಬಂಧಿಸಿದ್ದು. ಆಲಮಟ್ಟಿ ಎತ್ತರ 524.256 ಮೀಟರ್‌ಗೆ ಏರಿಸಬಹುದು ಅಂತ ಕೃಷ್ಣಾ ನೀರು ಹಂಚಿಕೆಯ ಎರಡನೇ ನ್ಯಾಯಾಧಿಕರಣ 2010ರಲ್ಲೇ ಹೇಳಿದೆ. ಗೆಜೆಟ್ ಆಗಿಲ್ಲ, ವಿಷಯ ಸುಪ್ರೀಂ ಕೋರ್ಟಿನಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಮುಳುಗಡೆ ಜಮೀನಿಗೆ ದರ ನಿಗದಿ ಮಾಡಿತು, ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಎಲ್ಲರೂ ಹೊಲದ ದರವನ್ನೇ ಮಾತಾಡುತ್ತಾರೆ. ಬಾಡಿಗೆ ಅಂಗಡಿಯವನ ಮಾತು ಯಾರೂ ಎತ್ತುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಜಾಗ ಸ್ವಂತದ್ದಲ್ಲದಿದ್ದರೂ, ಮೂರು ವರ್ಷದಿಂದ ಅಲ್ಲೇ ಹೊಟ್ಟೆಪಾಡು ನಡೆಸಿದ ಕುಟುಂಬವೂ ಬಾಧಿತ ಕುಟುಂಬ. ಸಣ್ಣ ವ್ಯಾಪಾರಿಗೆ ಒಂದು ಸಲದ ನೆರವು ಕನಿಷ್ಠ 25,000 ರೂಪಾಯಿ ಅಂತಲೂ ಇದೆ. ದುಡ್ಡು ಸಣ್ಣದು. ಆದರೆ ಹಕ್ಕು ಕೇಳಲು ಕಾಗದ ಬೇಕು. ಟ್ರೇಡ್ ಲೈಸೆನ್ಸ್, ಕರೆಂಟ್ ಬಿಲ್, ಬಾಡಿಗೆ ರಸೀದಿ, ಜಿಎಸ್‌ಟಿ ಕಾಗದ ಎಲ್ಲ ಒಂದು ಫೈಲ್ ಮಾಡಿ ಇಟ್ಟುಕೊಳ್ಳಿ. ಬಾಡಿಗೆ ಕೈಯಲ್ಲಿ ಕೊಡುತ್ತಿದ್ದರೆ ಈ ತಿಂಗಳಿಂದಲೇ ಬ್ಯಾಂಕ್ ಮೂಲಕ ಹಾಕಿ.

ಪೇಟೆ ಹುಡುಗ

ಕೋರ್ಟ್ ಕಟ್ಟೆ ಸರ್, ಬಾಡಿಗೆ ಕೈಯಲ್ಲೇ ಕೊಡುತ್ತೇವೆ. ರಸೀದಿ ಪದ್ಧತಿ ಅಜ್ಜನ ಕಾಲದಿಂದಲೂ ಇಲ್ಲ. ನಾಳೆ ಮಾಲೀಕರ ಹತ್ತಿರ ಮಾತಾಡುತ್ತೇನೆ.

ಕಾಕಾ, ನೀವು ಕೇಳಿದ್ದಕ್ಕೆ ಉತ್ತರ: ಹತ್ತರಲ್ಲಿ ಏಳು ಮಂದಿ ಹಳ್ಳಿಯವರು. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಹೆಣ್ಣುಮಕ್ಕಳು ಜಾಸ್ತಿ ಬರುತ್ತಿದ್ದಾರೆ. ಬಸ್ ಪುಕ್ಕಟೆ, ಗುಂಪಿನಲ್ಲಿ ಬರುತ್ತಾರೆ. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಿದ್ದ ವಾರ ಸಾದಾ ಸೀರೆ, ಖಣ ಚೆನ್ನಾಗಿ ಹೋಗುತ್ತವೆ. ಆದರೆ ಅದೇ ಪುಕ್ಕಟೆ ಬಸ್ಸಿನಲ್ಲಿ ಹುಬ್ಬಳ್ಳಿಗೂ ಹೋಗಬಹುದಲ್ಲ. ದೊಡ್ಡ ಲಗ್ನದ ಜವಳಿ ಈಗ ಹುಬ್ಬಳ್ಳಿಗೆ ಹೋಗುತ್ತಿದೆ.

ಅಸಲಿ ತಲೆನೋವು ಬೇರೆ. ಉದ್ರಿ. ಅಪ್ಪನ ಹತ್ತಿರ ಕೆಂಪು ಬಟ್ಟೆ ಹೊದಿಕೆಯ ಉದ್ದನೆಯ ವಹಿ ಇದೆ. ಪ್ರತಿ ದೀಪಾವಳಿಗೆ ಹೊಸದು, ಲಕ್ಷ್ಮೀಪೂಜೆಯಲ್ಲಿ ಅರಿಶಿನ ಕುಂಕುಮ ಹಚ್ಚಿ ಶುರು. ಒಂದೊಂದು ಹಾಳೆಯ ಮೇಲೆ ಊರಿನ ಹೆಸರು, ಮನೆತನದ ಅಡ್ಡಹೆಸರು, ಕೆಳಗೆ ಲೆಕ್ಕ. ಫೋನ್ ನಂಬರ್ ಇಲ್ಲ, ಸಹಿ ಇಲ್ಲ. ಕೆಲವು ಹಾಳೆಗಳಲ್ಲಿ ಪಕ್ಕಕ್ಕೆ ಪೆನ್ಸಿಲ್‌ನಲ್ಲಿ "ಕಬ್ಬಿನ ಬಿಲ್ಲಿಗೆ" ಅಂತ ಬರೆದಿರುತ್ತದೆ. ಕೆಲವಕ್ಕೆ "ಉಳ್ಳಾಗಡ್ಡಿಗೆ". ಅಂದರೆ ಉಳ್ಳಾಗಡ್ಡಿ ಮಾರಿದ ಮೇಲೆ ಕೊಡುತ್ತಾರೆ ಅಂತ. ಹಳೇ ವಹಿಯ ಬಾಕಿ ಹೊಸ ವಹಿಗೆ ಎತ್ತಿ ಬರೆಯುವುದೇ ಒಂದು ದಿನದ ಕೆಲಸ. ಸೂರತ್, ಇಚಲಕರಂಜಿಯ ಮಾಲಿಗೆ ನಾವು ಇಂತಿಷ್ಟು ದಿನದಲ್ಲಿ ಹಣ ಕಟ್ಟಬೇಕು. ಇಲ್ಲಿ ಬರುವುದು ಯಾವಾಗ ಬಂದರೆ ಆವಾಗ. ನಡುವಿನ ಹೊಂಡಕ್ಕೆ ಬಡ್ಡಿ ಸಾಲ.

ಅಪ್ಪನಿಗೆ ಈ ವಹಿಯೇ ಅಂಗಡಿ. ನನಗೆ ಈ ವಹಿಯೇ ಅಂಗಡಿಯ ರೋಗ.

ಕಬ್ಬಿನ ಹೊಲ

ಮುಧೋಳ ಕಡೆಯ ರೈತ ನಾನು. ಅಂಥ ವಹಿಯಲ್ಲಿ ನನ್ನ ಹೆಸರೂ ಇದೆ, ನಿಮ್ಮ ಅಂಗಡಿಯದಲ್ಲ, ಬೇರೆ ಅಂಗಡಿಯದು.

ಕಬ್ಬು ಕಳಿಸಿದ 14 ದಿನದಲ್ಲಿ ಕಾರ್ಖಾನೆಯವರು ಬಿಲ್ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಬೇಕು. 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಕಾಗದದ ಮೇಲೆ ಇದೆ. 2025ರ ನವೆಂಬರ್‌ನಲ್ಲಿ ಟನ್ನಿಗೆ 3,500 ಬೇಕು ಅಂತ ಬೆಳಗಾವಿ, ಬಾಗಲಕೋಟೆ ಎರಡೂ ಜಿಲ್ಲೆಯ ರೈತರು ರಸ್ತೆಗೆ ಇಳಿದದ್ದು ಎಲ್ಲರೂ ನೋಡಿದ್ದೀರಿ. ಸರ್ಕಾರ 3,300ಕ್ಕೆ ತಂದು ನಿಲ್ಲಿಸಿತು. ಆ ದಿನಗಳಲ್ಲಿ ಪೇಟೆಯ ಅಂಗಡಿಯವರು ನಮ್ಮನ್ನು ಕೇಳಿದ್ದು ಒಂದೇ: "ಯಾವಾಗ ಶುರು ಆಗ್ತೈತ್ರಿ ಕಾರ್ಖಾನಿ?" ನಮ್ಮ ಬಿಲ್ ನಿಂತರೆ ಅವರ ಗಲ್ಲಾ ನಿಲ್ಲುತ್ತದೆ.

ನನ್ನ ಮಗಳ ಲಗ್ನಕ್ಕೆ ಜವಳಿ ಹಾಕಿದಾಗ ಕೈಯಲ್ಲಿ ಅರ್ಧ ದುಡ್ಡೂ ಇರಲಿಲ್ಲ. ಅಂಗಡಿಯವರು ಬಾಯಿ ಬಿಟ್ಟು ಕೇಳಲಿಲ್ಲ. ಮೂರು ಗಂಟು ಬಟ್ಟೆ ಕಟ್ಟಿ ಟಂಟಂ ಒಳಗೆ ಇಟ್ಟರು. ಬೀಗರ ಎದುರಿಗೆ ನನ್ನ ಮಾನ ಉಳಿಯಿತು. ಅಂಥ ಅಂಗಡಿ ಬಿಟ್ಟು ನಾನು ಎಲ್ಲಿಗೆ ಹೋಗಲಿ?

ಆದರೆ ನನ್ನ ಮಗ ಅಲ್ಲಿಗೆ ಹೋಗುವುದಿಲ್ಲ. ಅವನಿಗೆ ಫೋನಿನಲ್ಲಿ ಕಂತು ಸಿಗುತ್ತದೆ, ಯಾರ ಮುಖವೂ ನೋಡಬೇಕಿಲ್ಲ. ಕಂತು ತಪ್ಪಿದರೆ ಅವರು ಮನೆಗೆ ಫೋನ್ ಮೇಲೆ ಫೋನ್ ಮಾಡುತ್ತಾರೆ, ಅದು ಬೇರೆ ಮಾತು.

ನಿಮ್ಮ ಅಪ್ಪನಿಗೆ ಒಂದು ಹೇಳಿ. ಉದ್ರಿ ಪೂರ್ತಿ ನಿಲ್ಲಿಸಬೇಡಿ. ಆದರೆ ಹಳೇ ಬಾಕಿ ಅರ್ಧವಾದರೂ ತೀರಿಸದೆ ಹೊಸ ಉದ್ರಿ ಬೇಡ ಅಂತ ಕಟ್ಟುನಿಟ್ಟು ಮಾಡಲಿ. ನಾವು ರೈತರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಸೊಸೈಟಿಯಲ್ಲೂ ಅದೇ ನಿಯಮ ಇದೆಯಲ್ಲ.

ನೇರ ಮಾತು

ಎಲ್ಲ ಸರಿ. ಆದರೆ ಸಣ್ಣ ಅಂಗಡಿಯವರೆಲ್ಲ ದೇವರಂಥವರು ಅನ್ನುವ ಧಾಟಿ ಬೇಡ. ಪೇಟೆಯಲ್ಲಿ ನಾನು ಒಂದು ಪ್ಯಾಂಟ್ ಪೀಸ್ ತಗೊಂಡೆ. ಮನೆಗೆ ಬಂದು ನೋಡಿದರೆ ನಡುವೆ ನೂಲು ಎದ್ದಿದೆ. ಮರುದಿನ ಹೋದರೆ "ನೋಡ್ಕೊಂಡು ಒಯ್ಯಬೇಕಿತ್ತು" ಅಂದರು. ಬಿಲ್ ಕೇಳಿದ್ದೆ, ಬಿಳಿ ಚೀಟಿಯ ಮೇಲೆ ಬರೆದು ಕೊಟ್ಟಿದ್ದರು, ಅಂಗಡಿ ಹೆಸರೂ ಇಲ್ಲ. ಇನ್ನೊಂದು ಅಂಗಡಿಯಲ್ಲಿ ನಾಲ್ಕು ಶರ್ಟ್ ತೆಗೆಸಿ ನೋಡಿ ಬೇಡ ಅಂದರೆ ಮುಖ ಸಿಂಡರಿಸುತ್ತಾರೆ. ಫೋನಿನಲ್ಲಿ ತರಿಸಿದ್ದು ಸರಿ ಇಲ್ಲದಿದ್ದರೆ ಹುಡುಗ ಬಂದು ವಾಪಸ್ ಒಯ್ಯುತ್ತಾನೆ, ಹಣ ಮರಳಿ ಬರುತ್ತದೆ. ಒಂದು ಮಾತೂ ಆಡಬೇಕಿಲ್ಲ.

ಮಾಲ್ ಬಂತು, ಆನ್‌ಲೈನ್ ಬಂತು ಅಂತ ಅಳುವ ಮೊದಲು ಇದನ್ನು ಸರಿ ಮಾಡಿಕೊಳ್ಳಲಿ.

ಪೇಟೆ ಹುಡುಗ

ಒಪ್ಪಿದೆ. ನಮ್ಮಲ್ಲಿ ಬಟ್ಟೆ ಕತ್ತರಿಸುವ ಮೊದಲು ಬೆಳಕಿಗೆ ಹಿಡಿದು ತೋರಿಸುತ್ತೇವೆ. ಹೊಲಿಸದ ಸೀರೆ ವಾಪಸ್ ತಗೊಳ್ಳುತ್ತೇವೆ. ಆದರೆ ಹೌದು, ಎಲ್ಲರೂ ಮಾಡುವುದಿಲ್ಲ. ಒಬ್ಬರು ಹಾಗೆ ಮಾಡಿದರೆ ಇಡೀ ಪೇಟೆಯ ಹೆಸರು ಹೋಗುತ್ತದೆ.

ಕೊಂಡಿ ತೆನಿ

ಇಳಕಲ್ಲಿನ ನೇಕಾರ ಮನೆತನದವನು. ನಿಮ್ಮಂಥ ಅಂಗಡಿ ಮುಚ್ಚಿದರೆ ನಮಗೆ ಏನಾಗುತ್ತದೆ ಅಂತ ಹೇಳುತ್ತೇನೆ.

ಫೋನಿನಲ್ಲಿ "ಇಳಕಲ್ ಸೀರೆ" ಅಂತ ಹುಡುಕಿ. 500, 600 ರೂಪಾಯಿಗೆ ರಾಶಿ ರಾಶಿ ಬರುತ್ತವೆ. ಬಣ್ಣ ಅದೇ, ಕೆಂಪು ಸೆರಗು ಅದೇ. ಅವು ಪವರ್‌ಲೂಮ್ ಮಾಲು. ಕೆಲವು ಬರೀ ಪ್ರಿಂಟ್. ಇಳಕಲ್ ಸೀರೆಗೂ ಗುಳೇದಗುಡ್ಡ ಖಣಕ್ಕೂ ಭೌಗೋಳಿಕ ಸೂಚಕದ (ಜಿಐ) ಗುರುತು ಇದೆ, ಅಂದರೆ ಆ ಕಡೆಯ ಅಸಲಿ ಮಾಲಿಗಷ್ಟೇ ಆ ಹೆಸರು. ಆದರೆ ಫೋಟೋ ನೋಡಿ ಕೊಳ್ಳುವವರಿಗೆ ಅದು ಹೇಗೆ ಗೊತ್ತಾಗಬೇಕು?

ಅಸಲಿ ಕೈಮಗ್ಗದ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹೋಗುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಒಡಲಿನದು ಹತ್ತಿ ಇರಬಹುದು, ಸೆರಗಿನದು ರೇಷ್ಮೆ. ಎರಡನ್ನೂ ಮಗ್ಗದ ಮೇಲೆಯೇ ಎಳೆ ಎಳೆಗೆ ಕೊಂಡಿ ಹಾಕಿ ಜೋಡಿಸುತ್ತೇವೆ. ಈ ಕೆಲಸ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳದ್ದು. ಸೀರೆಯ ಹಿಂಬದಿ ತಿರುಗಿಸಿ ಒಡಲು ಮುಗಿದು ಸೆರಗು ಶುರುವಾಗುವ ಕಡೆ ಬೆರಳು ಆಡಿಸಿ. ಸಣ್ಣ ಗಂಟುಗಳ ಒಂದು ಗೆರೆ ಕೈಗೆ ಹತ್ತುತ್ತದೆ. ಹೊಲಿಗೆಯಲ್ಲ, ಅಂಟಲ್ಲ. ನಕಲಿಯಲ್ಲಿ ಅಲ್ಲಿ ಏನೂ ಇರುವುದಿಲ್ಲ, ಬಣ್ಣ ಬದಲಾಗುತ್ತದೆ ಅಷ್ಟೇ. ಆಮೇಲೆ ಸೆರಗಿನ ತೋಪು ತೆನಿ ವಿನ್ಯಾಸ ನೋಡಿ. ಕೆಂಪಿನ ಮೇಲೆ ಬಿಳಿ ತೆನೆಗಳು ಎರಡೂ ಬದಿಯಲ್ಲಿ ಒಂದೇ ಥರ ಕಾಣಬೇಕು.

ಇದನ್ನು ಗಿರಾಕಿಗೆ ತೋರಿಸುವುದು ಗಾದಿಯ ಮೇಲೆ ಕೂತ ನಿಮ್ಮಪ್ಪನಂಥವರೇ. ಹ್ಯಾಂಗರ್‌ಗೆ ಹಾಕಿದ ಸೀರೆಗೆ ಹಿಂಬದಿ ಇರುವುದೇ ಇಲ್ಲ. ಆದರೆ ಅಂಗಡಿಯವರಲ್ಲೂ ಒಂದು ಕೆಟ್ಟ ಚಾಳಿ ಇದೆ. ಪವರ್‌ಲೂಮ್ ಸೀರೆಯನ್ನೇ ಮುಂದೆ ಇಟ್ಟು "ಇದೂ ಇಳಕಲ್ಲೇ ರೀ" ಅನ್ನುತ್ತಾರೆ. ಲಾಭ ಜಾಸ್ತಿ ಅಲ್ವಾ! ಅಣ್ಣಾ, ನೀವು ಎರಡನ್ನೂ ಇಡಿ, ಆದರೆ ಬೇರೆ ಬೇರೆ ಕಪಾಟಿನಲ್ಲಿ ಇಟ್ಟು, ಕೈಮಗ್ಗ ಯಾವುದು, ಪವರ್‌ಲೂಮ್ ಯಾವುದು ಅಂತ ಹೇಳಿ ಮಾರಿ. ಬೆಂಗಳೂರಿನವರು, ಪುಣೆಯವರು ಈಗ ಕೇಳಿಕೊಂಡು ಬರುತ್ತಿದ್ದಾರೆ. ಅವರು ನವನಗರದ ಮಳಿಗೆ ಹುಡುಕುವುದಿಲ್ಲ. ಬಾದಾಮಿ, ಐಹೊಳೆ ನೋಡಲು ಬಂದವರು ಹಳೇ ಪೇಟೆಯ ಹಳೇ ಅಂಗಡಿಯನ್ನೇ ಹುಡುಕುತ್ತಾರೆ.

ಗುಮ್ಮಟದೂರು

ನಮ್ಮ ವಿಜಯಪುರದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಗೆ ಬಂದು ನೋಡಿ. ಊರು ಎಲ್ಲಿಗೂ ಹೋಗಿಲ್ಲ, ಗಿರಾಕಿ ಎಲ್ಲಿಗೂ ಹೋಗಿಲ್ಲ. ಆದರೂ ಇದೇ ಗೋಳು. ಅಂಗಡಿ ಮುಂದೆ ಗಾಡಿ, ಗಾಡಿ ಮುಂದೆ ಬೈಕು, ಬೈಕಿನ ಮುಂದೆ ದನ. ಅಂಗಡಿಯವರು ಬೀದಿ ವ್ಯಾಪಾರಿಗಳನ್ನು ಎಬ್ಬಿಸಿ ಅನ್ನುತ್ತಾರೆ. ಅವರಿಗೂ 2014ರ ಕಾಯ್ದೆ ಇದೆ, ಜಾಗ ಗುರುತಿಸಿ ಕೊಡುವುದು ನಗರಸಭೆ, ಪಾಲಿಕೆಗಳ ಕೆಲಸ. ಕೊಡುವುದಿಲ್ಲ, ಹಬ್ಬದ ಮುಂಚೆ ಬಂದು ತಕ್ಕಡಿ ಎತ್ತಿಕೊಂಡು ಹೋಗುತ್ತಾರೆ. ಅಂಗಡಿಯವನೂ ಗಾಡಿಯವನೂ ಜಗಳ ಆಡುತ್ತ ಕೂತಿರುತ್ತಾರೆ.

ಬೆಳಗಾವಿ ಬಸ್

ಖಡೇಬಜಾರ, ಗಣಪತ ಗಲ್ಲಿಯಲ್ಲೂ ಅಷ್ಟೇ. ಗೋವಾದಿಂದ, ಚಂದಗಡದಿಂದ ಗಿರಾಕಿ ಬರುತ್ತಾರೆ, ಕಾರು ನಿಲ್ಲಿಸಲು ಅರ್ಧ ಗಂಟೆ ಸುತ್ತುತ್ತಾರೆ. ಮತ್ತೆ ನಮ್ಮಲ್ಲಿ ಬೋರ್ಡ್ ಯಾವ ಭಾಷೆಯಲ್ಲಿ ಇರಬೇಕು ಅನ್ನೋದೇ...

ನಿರ್ವಾಹಕ

ಬೋರ್ಡ್ ಭಾಷೆಯ ಚರ್ಚೆಗೆ ಬೇರೆ ಕಡೆ ಜಾಗ ಇದೆ. ಇಲ್ಲಿ ಶುರು ಮಾಡಿದರೆ ಬೆಳಗಾಗುವವರೆಗೆ ಮುಗಿಯುವುದಿಲ್ಲ. ಅಂಗಡಿ ಮಾತಷ್ಟೇ ಇರಲಿ.

ಲೆಕ್ಕದ ಮಾಸ್ತರ

ತಡವಾಗಿ ಬಂದೆ. ತೆರಿಗೆ ಕಡೆ ಎರಡು ವಿಷಯ, ನವನಗರಕ್ಕೆ ಹೋಗುವ ಲೆಕ್ಕದಲ್ಲಿ ಇವೂ ಸೇರಬೇಕು.

ವರ್ಷದ ವಹಿವಾಟು 40 ಲಕ್ಷದ ಒಳಗಿದ್ದರೆ, ಮಾಲು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಒಂದೂವರೆ ಕೋಟಿವರೆಗೆ ಕಾಂಪೊಸಿಷನ್ ಇದೆ, ಅಂದರೆ ವಹಿವಾಟಿನ ಮೇಲೆ ಒಂದೇ ಸರಳ ದರ, ವ್ಯಾಪಾರಿಗೆ ಶೇಕಡಾ 1. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಗೊತ್ತಾಯಿತಲ್ಲ, ಎಷ್ಟು ಜನಕ್ಕೆ ಈ ಮಿತಿಗಳೇ ಗೊತ್ತಿರಲಿಲ್ಲ ಅಂತ. ಹಾಲು, ತರಕಾರಿಯವರಿಗೂ ನೋಟಿಸ್ ಹೋಗಿ ದೊಡ್ಡ ಗಲಾಟೆಯಾಯಿತು. ಕೆಲವರು ಕ್ಯೂಆರ್ ಚೀಟಿ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದರು. ಅದು ಪರಿಹಾರವಲ್ಲ. ನಗದು ಬಂದರೂ ವಹಿವಾಟು ವಹಿವಾಟೇ. ಮನೆಯವರ ಹಣ, ಕೈಗಡ, ಅಂಗಡಿ ಹಣ ಎಲ್ಲ ಒಂದೇ ಖಾತೆಗೆ ಬೀಳುವಂತೆ ಇಡಬೇಡಿ. ಅಂಗಡಿಗೆ ಬೇರೆ ಖಾತೆ, ಬೇರೆ ಕ್ಯೂಆರ್.

ಎರಡನೆಯದು ಬಾಡಿಗೆ. 2024ರ ಅಕ್ಟೋಬರ್ 10ರಿಂದ, ಮಳಿಗೆ ಮಾಲೀಕರಿಗೆ ಜಿಎಸ್‌ಟಿ ಇಲ್ಲದೆ ಬಾಡಿಗೆದಾರನಿಗೆ ಇದ್ದರೆ, ಬಾಡಿಗೆ ಮೇಲಿನ ಶೇಕಡಾ 18 ತೆರಿಗೆಯನ್ನು ಬಾಡಿಗೆದಾರನೇ ಕಟ್ಟಬೇಕು. ರೆಗ್ಯುಲರ್ (ಕಾಂಪೊಸಿಷನ್ ಅಲ್ಲದ ಸಾಮಾನ್ಯ ನೋಂದಣಿ) ಇದ್ದರೆ ಆಮೇಲೆ ಕ್ರೆಡಿಟ್ ಸಿಗುತ್ತದೆ, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಆದರೆ ಮೊದಲು ಕೈಯಿಂದ ನಗದು ಹೋಗುತ್ತದೆ. ಕಾಂಪೊಸಿಷನ್‌ನವರನ್ನು 2025ರ ಜನವರಿಯಲ್ಲಿ ಇದರಿಂದ ಬಿಟ್ಟರು. ನಾಲ್ಕು ಪಟ್ಟು ಬಾಡಿಗೆ ಅಂದಿರಲ್ಲ, ನೀವು ರೆಗ್ಯುಲರ್ ಇದ್ದರೆ ಅದರ ಮೇಲೆ ಇದೂ ಬಂತು.

ಮಾಲಿನ ಕಡೆ ನಿಮಗೆ ಒಳ್ಳೆಯದೇ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪು 2,500 ರೂಪಾಯಿವರೆಗೆ ಶೇಕಡಾ 5, ಅದಕ್ಕೂ ಮೇಲಿನದಕ್ಕೆ 18. ಸೀರೆ ಬಟ್ಟೆಯ ಲೆಕ್ಕದಲ್ಲಿ ಬರುತ್ತದೆ, ಹಾಗಾಗಿ 5. ಅಂದರೆ ಹತ್ತು ಸಾವಿರದ ಇಳಕಲ್ ಸೀರೆಗೆ 5, ಮೂರು ಸಾವಿರದ ರೆಡಿಮೇಡ್ ಕುರ್ತಾಗೆ 18. ನವನಗರಕ್ಕೆ ಹೋಗಿ ರೆಡಿಮೇಡ್ ಶುರು ಮಾಡೋಣ ಅನ್ನುವ ಆಲೋಚನೆ ಇದ್ದರೆ ಇದನ್ನೂ ನೋಡಿ.

ಪುಂಡಿಪಲ್ಯೆ

ಅಣ್ಣಾ, ಹೋಳಿ ಹಬ್ಬಕ್ಕೆ ನವನಗರದವರೆಲ್ಲ ಹಳೇ ಊರಿಗೇ ಬರುತ್ತಾರಲ್ಲ. ಹಲಗಿ, ಬಣ್ಣದ ಬಂಡಿ, ಅಷ್ಟು ಮಂದಿ. ಆವಾಗ ಸೇಲ್ ಹಾಕಿ!

ಪೇಟೆ ಹುಡುಗ

ಬಣ್ಣದ ದಿನ ಜವಳಿ ಅಂಗಡಿ ತೆರೆದಿಡುವ ಧೈರ್ಯ ಇಡೀ ಪೇಟೆಯಲ್ಲಿ ಯಾರಿಗೂ ಇಲ್ಲ. ಒಂದು ಬಿಂದಿಗೆ ಬಣ್ಣ ಒಳಗೆ ಬಂದರೆ ವರ್ಷದ ಲಾಭ ಹೋಯಿತು.

ಎಲ್ಲರಿಗೂ ಉತ್ತರ ಹೇಳುತ್ತೇನೆ. ಅಪ್ಪನಿಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ. ಕಬ್ಬಿನ ಹೊಲ ಅಣ್ಣನ ಮಾತು ಬಂದಾಗ "ನೋಡು" ಅಂತ ನನ್ನ ಮುಖ ನೋಡಿದರು. ಹಳೇ ಬಾಕಿ ಅರ್ಧ ತೀರಿಸಬೇಕು ಅನ್ನುವ ಸಾಲು ಬಂದಾಗ ಸುಮ್ಮನಾದರು.

ನವನಗರದ ಮಳಿಗೆ ಬೇಡ ಅಂತ ಸದ್ಯಕ್ಕೆ ತೀರ್ಮಾನ. ನನಗೆ ಪೂರ್ತಿ ಸಮಾಧಾನ ಇಲ್ಲ, ನೀರು ಯಾವಾಗ ಎಲ್ಲಿಗೆ ಬರುತ್ತದೋ ಗೊತ್ತಿಲ್ಲದ ಊರಿನಲ್ಲಿ ಹಣ ಹಾಕುವುದು ಹೇಗೆ ಅನ್ನುವ ಭಯ ಇದ್ದೇ ಇದೆ. ಆದರೆ ಆ ಬಾಡಿಗೆಯ ಮೇಲೆ ತೆರಿಗೆ, ಡಿಪಾಜಿಟ್, ಫರ್ನಿಚರ್ ಸೇರಿಸಿ ನೋಡಿದರೆ, ಹತ್ತರಲ್ಲಿ ಏಳು ಗಿರಾಕಿಯನ್ನು ಇಲ್ಲಿ ಬಿಟ್ಟು ಅಲ್ಲಿ ಹೊಸಬರನ್ನು ಹುಡುಕಬೇಕು. ಆಗುವುದಿಲ್ಲ. ಅದರ ಬದಲು ನವನಗರದಲ್ಲಿ ನಮ್ಮ ಪರಿಚಯದ ಟೇಲರ್ ದಂಪತಿ ಇದ್ದಾರೆ. ಅವರ ಅಂಗಡಿಯಲ್ಲಿ ಒಂದು ಕಪಾಟು ಇಡುತ್ತೇವೆ. ಫೋನಿನಲ್ಲಿ ಸೀರೆ, ಖಣದ ಫೋಟೋ ಕಳಿಸುವುದು, ಹಿಂಬದಿಯ ಕೊಂಡಿಯದೂ ಸೇರಿಸಿ. ಬೇಕಾದದ್ದು ಸಂಜೆ ಅಲ್ಲಿಗೆ ಮುಟ್ಟಿಸುವುದು. ಕುಬಸ ಅಲ್ಲೇ ಹೊಲಿಸಿಕೊಳ್ಳಬಹುದು. ಅವರಿಗೆ ಹೊಲಿಗೆ ಕೆಲಸ, ನಮಗೆ ಬಾಡಿಗೆ ಇಲ್ಲದ ಜಾಗ.

ವಹಿಗೆ ಫೋನ್ ನಂಬರ್ ಬರೆಯುವ ಕೆಲಸ ನನ್ನದಾಯಿತು. ಪವರ್‌ಲೂಮ್ ಸೀರೆಗೆ ಬೇರೆ ಕಪಾಟು ಮಾಡುವ ಮಾತಿಗೆ ಅಪ್ಪ ಇನ್ನೂ ಒಪ್ಪಿಲ್ಲ. "ಗಿರಾಕಿ ಕೇಳಿದ್ರ ಹೇಳ್ತೀನಿ, ಕೇಳ್ದಿದ್ರ ಯಾಕ ಹೇಳ್ಲಿ" ಅನ್ನುತ್ತಾರೆ. ಅದರ ಮೇಲೆ ಮನೆಯಲ್ಲಿ ಜಗಳ ನಡೆದಿದೆ. ಮಾಲೀಕರು ಬಾಡಿಗೆಯನ್ನು ಬ್ಯಾಂಕಿಗೆ ಹಾಕಲು ಒಪ್ಪಿದ್ದಾರೆ, ರಸೀದಿಗೆ ಮಾತ್ರ ಮೀನಮೇಷ.

ಕೋರ್ಟ್ ಕಟ್ಟೆ

ಬ್ಯಾಂಕಿಗೆ ಹಾಕುವಾಗ ಷರಾದಲ್ಲಿ "ಅಂಗಡಿ ಬಾಡಿಗೆ", ತಿಂಗಳ ಹೆಸರು ಬರೆಯಿರಿ. ಸದ್ಯಕ್ಕೆ ಅಷ್ಟು ಸಾಕು.

ಸೆಕ್ಟರ್ ಅಕ್ಕ

ಟೇಲರ್ ಕಪಾಟು ಯಾವ ಸೆಕ್ಟರ್‌ನಲ್ಲಿ ಅಂತ ಖಾಸಗಿ ಸಂದೇಶದಲ್ಲಿ ತಿಳಿಸಿ. ಅತ್ತೆಗೆ ಗಾಢ ಹಸಿರು ಒಡಲು, ಕೆಂಪು ಸೆರಗಿನದು ಬೇಕಂತೆ, ಹತ್ತಿ-ರೇಷ್ಮೆ. ಭಾನುವಾರ ನಿಮ್ಮ ಅಂಗಡಿ ತೆರೆದಿರುತ್ತದಾ?

ಪೇಟೆ ಹುಡುಗ

ಭಾನುವಾರ ಮಧ್ಯಾಹ್ನದವರೆಗೆ ಇರುತ್ತದೆ ಅಕ್ಕಾ. ಸ್ಕೂಟಿ ನಮ್ಮ ಮೆಟ್ಟಿಲ ಪಕ್ಕಕ್ಕೇ ನಿಲ್ಲಿಸಿ, ಯಾರೂ ಬೈಯುವುದಿಲ್ಲ. ಬೈದರೆ ನನ್ನ ಹೆಸರು ಹೇಳಿ.